ತಲೆಬಾಗಿಲು

ಈ ಊರಿನ ಹೆಸರು ನಿಲ್.
ಆ ಮಾತು ಕೇಳುವುದು ವಾರಕ್ಕೆರಡು ಸಲ ರೈಲು ಮಾತ್ರ.
ಉಳಿದದ್ದೆಲ್ಲ, ಗೋಧಿ ಲಾರಿ, ಗಾಳಿ, ಧೂಳು,
ಮೆಲ್ಬರ್ನಿಗೋ ಅಡಿಲೇಡಿಗೋ ನಿಲ್ಲದೆ ಹೋಗುತ್ತದೆ.
ನಾನು ಬಂದು ಒಂಬತ್ತು ವರ್ಷ. ಲಾರಿ ತೂಗುತ್ತೇನೆ.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆ: ಇಷ್ಟೇ ಲೆಕ್ಕ.

ರಾತ್ರಿ ಊಟದ ಮೇಜಿನ ಮೇಲೆ ಬೆಸುಗೆಯ ಹೊಗೆ.
ಮೊದಲ ಆಂಪ್ಲಿಫಯರಿಗೆ ಸತ್ತ ಲ್ಯಾಪ್‌ಟಾಪಿನ ಅಡಾಪ್ಟರ್ ಕೊಟ್ಟೆ,
ಹತ್ತೊಂಬತ್ತು ವೋಲ್ಟು.
ಕೊಳಲು ಬಂತು, ಹವಾಮಾನ ಓದುವವಳ ಉಸಿರೂ ಬಂತು.
ಇನ್ನೇನು ಬೇಕು ಅಂದುಕೊಂಡು
ಆ ಕ್ಯಾಸೆಟ್ಟು ಹಾಕಿದೆ,
ಹದಿನಾರರ ಹುಡುಗಿ ರಂಗಸ್ಥಳದ ಬದಿಯಲ್ಲಿ
ರೆಕಾರ್ಡರ್ ತಬ್ಬಿ ಕೂತು ಹಿಡಿದ ಚಂಡೆ.

ಪೆಟ್ಟು ಏಳುತ್ತದೆ, ಏಳುತ್ತದೆ, ಮೇಲೆ ಜಾಗವಿಲ್ಲ.
ನೆತ್ತಿ ಸಪಾಟು.
ಸಿಡಿಲಾಗಿದ್ದದ್ದು ಸೀಮೆಎಣ್ಣೆ ಡಬ್ಬಿ.

ಕುಂದಾಪುರದ ನಮ್ಮ ಬಾಡಿಗೆ ಬಿಡಾರದ ಬಾಗಿಲು ಐದೇ ಅಡಿ.
ಕೊಡೆ ರಿಪೇರಿಯ ಶೀನಣ್ಣ ಆರಡಿ ಆಳು,
ಬಂದಾಗಲೆಲ್ಲ ಹಣೆ ಜಜ್ಜಿಕೊಂಡು ನಗುತ್ತಿದ್ದ:
‘ಹೆಸರಲ್ಲೇ ಇದೆಯಲ್ಲ ಮಾರಾಯ್ತಿ, ತಲೆ ಬಾಗಿ ಅಂತ!’
ವೋಲ್ಟೇಜ್ ಅಂದರೆ ಗಟ್ಟಿ ದನಿಯಲ್ಲ,
ಬಾಗಿಲಿನ ಎತ್ತರ.
ಮೆತ್ತಗೆ ಮಾತಾಡುವವರಿಗೆ ಅದು ತಗ್ಗೆಂದು ಗೊತ್ತೇ ಆಗುವುದಿಲ್ಲ.

ಟ್ರಾನ್ಸ್‌ಫಾರ್ಮರು ತರಿಸಿದೆ, ನಾಲ್ಕು ಕಿಲೋದ ತಾಮ್ರದ ಕೋಡುಬಳೆ.
(ಲಾರಿ ತೂಗುವ ನನ್ನ ಕಾಟಕ್ಕೆ ನಾಲ್ಕು ಕಿಲೋ ಕಾಣುವುದೇ ಇಲ್ಲ.)
ಇಪ್ಪತ್ತೈದು ಒಳಹೋಗಿ, ಡಯೋಡು ದಾಟಿ,
ಕೆಪಾಸಿಟರಿನ ಹಂಡೆಗಳಲ್ಲಿ ತುಂಬಿ ಮೂವತ್ತೈದಾಯಿತು,
ಸೊನ್ನೆಯಿಂದ ಮೇಲಕ್ಕಷ್ಟು, ಕೆಳಕ್ಕಷ್ಟು.
ಚಂಡೆ ಬಗ್ಗದೆ ಒಳಗೆ ಬಂತು.
ಎರಡು ಪೆಟ್ಟಿನ ನಡುವೆ
ಯಾರೋ ವೀಳ್ಯ ಜಗಿಯುವಷ್ಟು ಮೌನ.

ಅಲ್ಲಿಗೆ ಮುಗಿಯಬೇಕಿತ್ತು.
ಆದರೆ ಗೋಡೆಯ ಕರೆಂಟಿಗೂ ಊರಿಗೂ ಒಂದೇ ತಂತಿ.
ಮಧ್ಯಾಹ್ನ ಎಲ್ಲರ ಮಾಡುಗಳೂ ಬಿಸಿಲು ಕುಡಿದು
ಮಿಕ್ಕಿದ್ದನ್ನು ಬೀದಿಗೆ ಸುರಿವಾಗ ಇನ್ನೂರ ಐವತ್ತೆರಡು.
ಸಂಜೆ ಏಸಿಗಳು ಎದ್ದರೆ ಇನ್ನೂರ ಮೂವತ್ತಾರು.
ಆರು ಹತ್ತಕ್ಕೆ ಸರಿಯಾಗಿ ದೀಪ ಕಣ್ಣು ಮುಚ್ಚಿ ತೆರೆಯುತ್ತದೆ,
ಚಂಡೆ ಮುಗ್ಗರಿಸುತ್ತದೆ.
ಎದುರು ಶೆಡ್ಡಿನಲ್ಲಿ ನೀಲಿ ಬೆಳಕು:
ಮುದುಕ ಪೆಂಗಿಲಿ ವೆಲ್ಡಿಂಗ್ ಹಚ್ಚಿದ.
ಹಳೆ ನೇಗಿಲ ತಟ್ಟೆಗಳಿಂದ ಎಮು ಹಕ್ಕಿ ಮಾಡುತ್ತಾನೆ,
ಯಾರೂ ಕೊಳ್ಳುವುದಿಲ್ಲ.
ಒಂಬತ್ತು ವರ್ಷದಲ್ಲಿ ನಾವು ಆಡಿದ ಮಾತು
ಕಸದ ಲಾರಿ ಯಾವ ದಿನ ಅಂತ.
ನಾನು ಕನ್ನಡದಲ್ಲಿ ಬೈದದ್ದು ಲೆಕ್ಕಕ್ಕಿಲ್ಲ.

ಒಂದು ಮಂಗಳವಾರ ದೀಪ ಮಿಟುಕಲಿಲ್ಲ.
ಬುಧವಾರವೂ.
ಗುರುವಾರ ಚಂಡೆ ಮೊದಲಿಂದ ಕೊನೆಯವರೆಗೆ ನಿಚ್ಚಳ,
ನಾನು ಕೇಳಿದ್ದು ಇದನ್ನೇ, ಕೂತು ಕೇಳಲಾಗಲಿಲ್ಲ.

ರಸ್ತೆ ದಾಟಿದೆ. ಕೈಯಲ್ಲಿ ಮೀಟರು,
ಯಾಕೆ ಅಂತ ನನಗೂ ಗೊತ್ತಿಲ್ಲ.
ಕವುಚಿದ ಡ್ರಮ್ಮಿನ ಮೇಲೆ ಕೂತಿದ್ದ, ಬಲಗೈಗೆ ಪ್ಲಾಸ್ಟರು.
‘ಎಮು ಬಿತ್ತು’ ಅಂದ.
ತುಸು ಹೊತ್ತಾದ ಮೇಲೆ, ನನ್ನ ಕಿಟಕಿ ನೋಡುತ್ತ:
‘ನಿನ್ನ ಡೋಲು ಈಗ ಚೆನ್ನಾಗಿದೆ.
ನಾನು ಕಡ್ಡಿ ಮುಟ್ಟಿಸಿದರೆ ಅದು ಕುಸಿಯುತ್ತಿತ್ತು.
ಒಂದೊಂದು ದಿನ, ಅದು ಮುಗಿಯಲಿ ಅಂತ ಕಾಯುತ್ತಿದ್ದೆ.’

ಏನು ಹೇಳಬೇಕು ಇದಕ್ಕೆ.
ಬಿದ್ದ ಎಮುವನ್ನು ಇಬ್ಬರೂ ಸೇರಿ ಗೋಡೆಗೆ ಒರಗಿಸಿದೆವು,
ಮೂರು ಕೈ.

ಏಳು ವಾರದ ಮೇಲೆ ಗುರುವಾರ,
ಆರು ಹದಿನಾಲ್ಕು, ಇನ್ನೂರ ಇಪ್ಪತ್ತೆಂಟು ವೋಲ್ಟು.
ಒಳಬಂದ ಲಾರಿಗೆ ಬರೆಯುವ ಚೀಟಿಯಲ್ಲೇ
ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ.