ಷರಾ

ಬೈತಕೋಲ ಬಂದರದಲ್ಲಿ ಮೀನು ಹರಾಜಾಗುವುದು ಗಂಟಲಿನಿಂದ.
ಸುಗಂಧಾ ತಾಂಡೇಲಳಿಗೆ ಕಿವಿ ಕೇಳದು.
ಬಂಗಡೆಯ ಬುಟ್ಟಿಗೆ ಎಷ್ಟಕ್ಕೆ ಕೂಗಿದರೆಂದು
ತುಟಿ ನೋಡಿ ತಿಳಿಯುವಷ್ಟರಲ್ಲಿ
ಬುಟ್ಟಿ ಟೆಂಪೋ ಏರಿರುತ್ತದೆ.

ಅವಳ ಗುಂಪಿನ ಅರ್ಜಿ ನನ್ನ ಮೇಜಿನ ಮೇಲಿದೆ:
ಒಂದು ಕರಿಹಲಗೆ, ಸೀಮೆಸುಣ್ಣ,
ದರ ಬರೆಯುವ ಹುಡುಗನಿಗೆ ವರ್ಷದ ಸಂಬಳ.
ಶ್ರವಣಯಂತ್ರ ಕೇಳಿಲ್ಲ.
‘ಯಾಕೆ ಕೇಳಿಲ್ಲ?’ ಮುಂಬೈ ಕಚೇರಿಯ ಟಿಪ್ಪಣಿ.
ಕೆಳಗೆ, ‘ನಗುವ ಫೋಟೊ ಇದ್ದರೆ ಒಳ್ಳೆಯದು.’

ಇಪ್ಪತ್ತೆರಡು ವರ್ಷದ ಹಿಂದೆ
ಕಚೇರಿಗೊಂದು ಇಳಿಜಾರು ಕೇಳಹೋದ ನನ್ನನ್ನು
ಇಬ್ಬರು ಜವಾನರು ಕುರ್ಚಿ ಸಮೇತ ಎತ್ತಿ
ಹದಿನಾಲ್ಕು ಮೆಟ್ಟಿಲು ಹತ್ತಿಸಿ
ಸಾಹೇಬರ ಮುಂದೆ ಇಳಿಸಿದ್ದರು, ಅಕ್ಕಿಮೂಟೆಯ ಹಾಗೆ.
‘ಬಂದೇಬಿಟ್ಟಿರಲ್ಲ’ ಅಂದರು ಸಾಹೇಬರು,
‘ಇನ್ನೇಕೆ ಇಳಿಜಾರು?’

ಆ ಇಳಿಜಾರಿಗೆ ಒಂಬತ್ತು ವರ್ಷ ಹಿಡಿಯಿತು.
ಅದರ ಮೇಲೆ ಈಗ ಬೈಕು ನಿಲ್ಲಿಸುತ್ತಾರೆ.
ಬೈಯಲು ಇವತ್ತಿಗೂ ತಿಂಗಳಿಗೊಮ್ಮೆ ಹೋಗುತ್ತೇನೆ.

ಮೇಜಿನ ಈ ಬದಿಯ ಕುರ್ಚಿಗೂ ಚಕ್ರವಿದೆ.
ಹಣ ನನ್ನದಲ್ಲ, ಸಹಿ ನನ್ನದು.
ಕೋಡಿಬಾಗದ ಕಿಟಕಿಯಿಂದ ಒಣಮೀನಿನ ಗಾಳಿ,
ಕಾಗದ ಹಾರದಂತೆ ಮೊಣಕೈ ಊರಿ
ಷರಾ ಬರೆಯುತ್ತೇನೆ:

ಕೇಳದಿರುವುದು ಹರಾಜಿಗೆ. ಮಂಜೂರು.
ಫೋಟೊ ಆಮೇಲೆ ಕಳಿಸುತ್ತೇವೆ,
ಹಲಗೆಯದು.