ಇಪ್ಪತ್ನಾಲ್ಕು ಗಂಟೆಯ ಉಪ್ಪು

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಕುಡಿದದ್ದನ್ನು ನನಗೆ ಒಪ್ಪಿಸಬೇಕು:
ಒಂದು ಹಗಲು, ಒಂದು ರಾತ್ರಿ,
ಹನಿಯೂ ಚೆಲ್ಲದೆ
ಮೂರು ಲೀಟರಿನ ಈ ಡಬ್ಬಿಯಲ್ಲಿ.

ಹೀಗೆಂದು ಮನೆಮನೆಗೆ ಹೇಳುತ್ತ ತಿರುಗುವುದು
ನವೆಂಬರಿನಲ್ಲಿ ನನ್ನ ಉದ್ಯೋಗ.
ತ್ಸುಗರು ಕರಾವಳಿ. ಅಡ್ಡಡ್ಡ ಬೀಸುವ ಹಿಮ.
ಹಿಂದಿನ ಸೀಟಿನಲ್ಲಿ ಐದು ತಕ್ಕಡಿ,
ಸಾರಿನ ಉಪ್ಪು ಅಳೆಯುವ ಕಡ್ಡಿ,
ಮೇಣದ ಟೋಫು, ಪ್ಲಾಸ್ಟಿಕ್ಕಿನ ಮೀನುತುಂಡು,
ತಿಂದದ್ದು ಇಷ್ಟೋ, ಇದರ ಅರ್ಧವೋ ಎಂದು ಕೇಳಲು.
ಈ ಮೀನನ್ನು ಇದುವರೆಗೆ ನಂಬಿದ್ದು
ಒಂದು ಬೆಕ್ಕು ಮಾತ್ರ.

ಮಿತ್ಸುಯೊ ಬಾಗಿಲು ತೆಗೆದಳು.
ಇನ್ಸ್‌ಪೆಕ್ಟರು ಬರುವ ದಿನದ ಶಾಲೆಯ ಹಾಗೆ
ಹೊಳೆಯುತ್ತಿತ್ತು ಅಡುಗೆಮನೆ.
ಮೂರು ದಿನದ ಪುಸ್ತಕ, ಚೂಪು ಪೆನ್ಸಿಲಿನ ಅಕ್ಷರ:
ಅನ್ನ ನೂರೈವತ್ತು ಗ್ರಾಂ. ಸೊಪ್ಪು ಎಪ್ಪತ್ತು.
ಮಿಸೊ ಸಾರು, ಅರ್ಧ ಬಟ್ಟಲು.
ಉಪ್ಪಿನಕಾಯಿ ಎಂಬ ಸಾಲಿನಲ್ಲಿ ಒಂದು ಸೊನ್ನೆ,
ಕೋಳಿಮೊಟ್ಟೆಯಷ್ಟು ದುಂಡಗೆ.
ಮೆಟ್ಟಿಲ ಕೆಳಗೆ, ತಲೆಯ ಮೇಲೆ ಕಲ್ಲು ಹೊತ್ತು
ಕೂತಿದೆ ಮೂಲಂಗಿಯ ಪೀಪಾಯಿ.
ನನ್ನ ಮೂಗಿಗೆ ಗೊತ್ತು.
ಸರ್ಕಾರದ ನಮೂನೆಗೆ ಮೂಗಿಲ್ಲ.

"ನೀವು ಬರುವ ವಾರ ನಾವು ಬಹಳ ಒಳ್ಳೆಯವರು," ಅಂದಳು.
"ವರ್ಷವಿಡೀ ಬಂದುಬಿಡಿ, ನೂರು ಮುಟ್ಟುತ್ತೇವೆ."

ಆಮೇಲೆ ಬಂದ ಕಿಯೊಜಿ.
ಬೊಂಡಾಸ ಹಿಡಿಯುವವನು, ಅರವತ್ತಮೂರು,
ರಕ್ತದೊತ್ತಡ ಮೇಲಿನದು ನೂರೆಪ್ಪತ್ತೆರಡು.
ಡಬ್ಬಿಯನ್ನು ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿ
ಎರಡೂ ಕೈಯಲ್ಲಿ ಹಿಡಿದು ತಂದ,
ಮದುವೆಮನೆಗೆ ಉಡುಗೊರೆ ತಂದಂತೆ.
ಇಟ್ಟ. ಕೂತ. ಕಿವಿ ಕೆರೆದುಕೊಂಡ.

"ಒಂದು ತಪ್ಪಾಗಿದೆ, ಸೆನ್ಸೇ.
ರಾತ್ರಿ ಎರಡೂವರೆ. ದೀಪ ಹಚ್ಚಿದ್ದೇವೆ,
ಬೊಂಡಾಸ ಮೇಲೇಳುತ್ತಿದೆ, ಎರಡೂ ಕೈಗೆ ದಾರ.
ಡಬ್ಬಿ ನೋಡಿದರೆ ಕೆಳಗೆ ಎಂಜಿನ್ ಪಕ್ಕ.
ನಲವತ್ತು ವರ್ಷದ ಅಭ್ಯಾಸ ನೋಡಿ,
ಒಂದು ಸಲದ್ದು ಸಮುದ್ರಕ್ಕೆ ಹೋಯಿತು."

ಇದಕ್ಕೂ ನಮೂನೆಯಲ್ಲಿ ಜಾಗವಿದೆ.
ಕಳೆದದ್ದು ಎಷ್ಟು ಸಲ? ಅಂದಾಜು ಎಷ್ಟು ಮಿಲಿಲೀಟರು?
ಕೇಳಿದೆ. ಅವನು ಗಂಭೀರವಾಗಿ ಯೋಚಿಸಿ
ಸಾರಿನ ಬಟ್ಟಲು ಎತ್ತಿ ತೋರಿಸಿದ: "ಇಷ್ಟು."
ಮಿತ್ಸುಯೊ ಬಟ್ಟಲನ್ನು ಕಸಿದು ತೊಳೆಯಲು ಹಾಕಿದಳು.

"ಆದರೆ ಸೆನ್ಸೇ, ಆ ಉಪ್ಪು ಯಾರ ಲೆಕ್ಕಕ್ಕೆ?
ನನ್ನದೋ, ಇವಳ ಮೂಲಂಗಿಯದೋ,
ಇಲ್ಲ, ಮೊದಲಿಂದಲೂ ಸಮುದ್ರದ್ದೇ ಇತ್ತೋ?"

ಮೂಲಂಗಿ ಅಂದದ್ದೇ ತಡ, ಸೊನ್ನೆ ಒಡೆಯಿತು.
ಮಿತ್ಸುಯೊ ರಬ್ಬರು ಹುಡುಕಿದಳು.
ಅಳಿಸಿದ ಜಾಗದಲ್ಲಿ ಎರಡು ಎಂದು ಬರೆದಳು.
ತಡೆದು, ನಾಲ್ಕು.
ಗಂಡನ ಮುಖ ನೋಡಿ, ಆರು.
ಆರು ಹೋಳು. ಅವನೊಬ್ಬನದು. ಬೆಳಗಿನದು ಮಾತ್ರ.

ನಾನು ಗದರಲಿಲ್ಲ. ಗದರುವುದಕ್ಕೆ ನನಗೆ ಸಂಬಳವಿಲ್ಲ.
ನಮ್ಮ ತಾತ ಐವತ್ತೆಂಟಕ್ಕೆ ದೋಣಿಯಲ್ಲೇ ಕುಸಿದ,
ಎಡಗೈ ಮೊದಲು, ಆಮೇಲೆ ಮಾತು.
ಅವನ ಉಪ್ಪನ್ನು ಯಾರೂ ಅಳೆದಿರಲಿಲ್ಲ.
ಆರು, ಎಂದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ
ಇಬ್ಬರಿಗೂ ತಲೆಬಾಗಿ ಹೊರಬಂದೆ.

ಒಂಬತ್ತೂಮುಕ್ಕಾಲು. ರಾತ್ರಿಯಿಡೀ ತೆರೆದಿರುವ ಅಂಗಡಿಯ
ಬಿಳಿ ಬೆಳಕಿನಲ್ಲಿ ಕಾರು ನಿಲ್ಲಿಸಿ
ಕಪ್ ನೂಡಲ್ಸಿನ ಮುಚ್ಚಳ ಸುಲಿದೆ.
ಪಕ್ಕದ ಸೀಟಿನಲ್ಲಿ, ಬೆಲ್ಟು ಹಾಕಿಸಿಕೊಂಡು,
ಕಿಯೊಜಿಯ ಒಂದು ದಿನ,
ಒಂದು ಬಟ್ಟಲು ಕಡಿಮೆ.
ನನ್ನ ದಿನವನ್ನು ಯಾರೂ ಕೇಳಿಲ್ಲ.
ವಯಸ್ಸು ನಲವತ್ತೊಂದು, ಮಾದರಿಗೆ ಆಯ್ಕೆಯಾಗಿಲ್ಲ.
ಕೊನೆಯ ಸಾರು ಕುಡಿಯಬೇಡಿ, ಬಿಟ್ಟುಬಿಡಿ ಎಂದು
ಇವತ್ತು ಒಂಬತ್ತು ಮನೆಯಲ್ಲಿ ಹೇಳಿದ್ದೆ.
ಅಳೆಯುವ ಕಡ್ಡಿ ಅದ್ದಲಿಲ್ಲ.
ಕುಡಿದೆ.

ಎರಡೂವರೆಗೆ ಎಚ್ಚರವಾಯಿತು, ನಾಲಿಗೆ ಒಣಗಿ.
ಲೋಟ ಹಿಡಿದು ಕಿಟಕಿಗೆ ನಿಂತೆ.
ಹಿಮ ನಿಂತಿತ್ತು. ಕಪ್ಪು ನೀರಿನ ಅಂಚಿನಲ್ಲಿ
ಬೊಂಡಾಸದ ದೀಪಗಳು, ಏಳು, ಎಂಟು;
ಒಂದೊಂದರ ಕೆಳಗೂ ಯಾರೋ,
ಎರಡೂ ಕೈಗೆ ದಾರ.