ಚಕ್ಕುಬಂದಿ

ಪೂರ್ವಕ್ಕೆ: ಸೈಲಸ್ ಟ್ರೆಂಬತ್ತನ ಹಗ್ಗದಂಗಡಿ.
ಪಶ್ಚಿಮಕ್ಕೆ: ಸಮುದ್ರ.
ದಕ್ಷಿಣಕ್ಕೆ: ಸರ್ಕಾರಿ ರಸ್ತೆ, ಇನ್ನೂ ಆಗಬೇಕಾದದ್ದು.
ಉತ್ತರಕ್ಕೆ: ಖಾಲಿ.
ಈ ನಾಲ್ಕರ ನಡುವೆ
ವಿಧವೆ ಹೆಫ್ಜಿಬಾ ಲಾಮ್ ಎಂಬಾಕೆಯ ಕಾಲು ಎಕರೆ ಮರಳು.

ಫ್ರೀಮ್ಯಾಂಟಲ್ ಬಂದರು, ಸಾವಿರದೆಂಟುನೂರ ಮೂವತ್ತೊಂಬತ್ತು.
ಗ್ರಂಥಾಲಯದ ಹುಡುಗಿ ಕೈಗವಸು ಕೊಟ್ಟು
ಹಳೇ ದಾವೆಯ ಕಟ್ಟು ಬಿಚ್ಚಿಟ್ಟು ಹೋದಳು.
ಹದ್ದುಬಸ್ತಿನಲ್ಲೇ ಮೂವತ್ತೊಂದು ವರ್ಷ ಚಪ್ಪಲಿ ಸವೆಸಿದವಳು ನಾನು,
ನಾದಿನಿಯ ಮನೆಗೆ ಬಂದು, ಬೀಚು ನೋಡುವುದು ಬಿಟ್ಟು
ಇಲ್ಲಿ ಕೂತಿದ್ದೇನೆ.
ಚಟ.

ಜಗಳ ಹನ್ನೊಂದು ಅಡಿಯದು.
ಅದರೊಳಗೊಂದು ಬಾವಿ; ನೀರು ಅರೆ ಉಪ್ಪು.
ಎಲ್ಲೆಗೆ ನೆಟ್ಟದ್ದು ಕಲ್ಲಲ್ಲ, ತಿಮಿಂಗಿಲದ ಪಕ್ಕೆಲುಬು.
ಕಲ್ಲಾದರೆ ಕಡಿಯುವವರಿಗೆ ಕೂಲಿ ಕೊಡಬೇಕು,
ಎಲುಬು ದಂಡೆಯಲ್ಲಿ ಬಿಟ್ಟಿ ಬಿದ್ದಿರುತ್ತಿತ್ತು.

"ರಾತ್ರೋರಾತ್ರಿ ಕಿತ್ತು ನೆಟ್ಟಿದ್ದಾಳೆ" ಅಂದ ಅವನು.
"ತಾನಾಗಿ ನಡೆದು ಹೋಯಿತು, ಮರಳಲ್ಲವೇ" ಅಂದಳು ಅವಳು.
ಮ್ಯಾಜಿಸ್ಟ್ರೇಟರು ನಕ್ಕರೆಂದು ಗುಮಾಸ್ತ ಬರೆದಿಲ್ಲ,
ಆ ಜಾಗದಲ್ಲೊಂದು ಶಾಯಿಯ ಮಚ್ಚೆ ಇದೆ.

ನಾನು ನಗಲಿಲ್ಲ.
ಮಾಲೂರಿನ ಹತ್ತಿರ ಒಂದು ಬಾಂದುಕಲ್ಲು
ಪ್ರತಿ ಮಳೆಗಾಲಕ್ಕೆ ಅರ್ಧ ಮೊಳ ನಡೆಯುತ್ತಿತ್ತು,
ಯಾವತ್ತೂ ಬಡವನ ಕಡೆಗೇ.

ಇನ್ನು ಸರಪಳಿಯ ವಿಚಾರ.
ನೂರು ಕೊಂಡಿಯಲ್ಲಿ ಒಂದು, ಹಡಗಿನಲ್ಲೇ ತುಕ್ಕು ತಿಂದು ಮುರಿದಿತ್ತಂತೆ.
ಸರ್ವೇಯರ್ ಸ್ಟಾನಿಯರ್ ಆ ತೂತಿಗೆ ಸೆಣಬಿನ ಹಗ್ಗ ಕಟ್ಟಿದ.
ಹಗ್ಗ ಯಾರ ಅಂಗಡಿಯದು? ಗೊತ್ತೇ ಇದೆ.
ವಿಧವೆ ಅಲ್ಲಿಗೇ ಕೈ ಹಾಕಿದಳು:
"ಇಬ್ಬನಿಗೆ ನೆನೆದರೆ ಹಗ್ಗ ಗಿಡ್ಡ, ಬಿಸಿಲಿಗೆ ಉದ್ದ.
ಅಳೆದದ್ದು ಯಾವ ಹೊತ್ತಿನಲ್ಲಿ, ಸ್ವಾಮಿ?"
ಲೆಕ್ಕ ಹಾಕಿ ನೋಡಿದೆ. ಹೆಚ್ಚೆಂದರೆ ನಾಲ್ಕು ಬೆರಳು,
ಹನ್ನೊಂದು ಅಡಿ ಆಗುವ ಮಾತೇ ಅಲ್ಲ.
ಆದರೂ ಇಂಥ ಪ್ರಶ್ನೆ ನನಗೆ ಯಾರೂ ಕೇಳಲಿಲ್ಲವಲ್ಲ ಎನಿಸಿತು.

ಹಳೇ ಗುಂಡಿ ಹುಡುಕಲು ಅಗೆಸಿದರು.
ಎರಡು ಮೊಳ ಕೆಳಗೆ ಬೂದಿ,
ಬೂದಿಯ ಕೆಳಗೆ ಚಿಪ್ಪು, ಮೀನಿನ ಮುಳ್ಳು,
ಮತ್ತೆ ಬೂದಿ.
ದೋಣಿಯವನೊಬ್ಬ ಸಾಕ್ಷಿ ಹೇಳಿದ:
ಮೀನು ಗುಂಪುಗಟ್ಟುವ ಕಾಲಕ್ಕೆ ಹೊಳೆಯ ಕಡೆಯ ಜನ ಬರುತ್ತಾರೆ,
ಇಬ್ಬರ ಜಾಗಕ್ಕೂ ಅಡ್ಡಲಾಗಿ ಬೆಂಕಿ ಹಾಕುತ್ತಾರೆ,
ಇವರು ಹಡಗಿಳಿಯುವ ಮೊದಲಿಂದಲೂ ಅದೇ ಜಾಗ.
ಅವರ ಮೇಲೆ ಇವರಿಬ್ಬರೂ ದಾವೆ ಹೂಡಲಿಲ್ಲ.
ಹೂಡಲು ಹೆಸರು ಬೇಕು, ಹೆಸರು ಕೇಳಿದವರಿಲ್ಲ.
ಅಂಚಿನಲ್ಲಿ ಒಂದೇ ಪದ: ಅಪ್ರಸ್ತುತ.

ಎಂಟು ವಾಯಿದೆ.
ನಡುವೆ ಪೀಪಾಯಿ ಉರುಳಿ ಟ್ರೆಂಬತ್ತನ ಕಾಲು ಜಜ್ಜಿತು.
ಬೇಸಿಗೆ. ನೀರು ಸೇದಿ ಕೊಡುವವರಿಲ್ಲ.
ಆರು ವಾರ ಅವಳೇ ಕೊಡ ಹೊತ್ತು ಅವನ ಬಾಗಿಲಿಗಿಟ್ಟಳು.
ಓದುತ್ತಾ ನನ್ನ ಕಣ್ಣೂ ಒಂದಿಷ್ಟು ಮಂಜಾಯಿತು, ಸುಳ್ಳೇಕೆ.
ಪುಟ ತಿರುವಿದರೆ ಚೀಟಿ:
ನಲವತ್ತೆರಡು ಕೊಡ, ಕೊಡಕ್ಕೆ ಅರ್ಧ ಪೆನ್ನಿ,
ಸಂದಾಯವಾಗಿದೆ, ಕೆಳಗೆ ಅವನ ಸಹಿ.
ಕಾಸು ಕೊಟ್ಟು ನೀರು ಕೊಂಡವನದು ಬಾವಿ ಹೇಗಾದೀತು?
ಅದೇ ಅವಳು ಕೋರ್ಟಿಗೆ ಹಾಜರುಪಡಿಸಿದ ಕೊನೆಯ ದಾಖಲೆ.

ಸಂಜೆ ಆ ಜಾಗಕ್ಕೆ ಹೋದೆ.
ಕಾಫಿ ಅಂಗಡಿಯ ಹಿಂಗೋಡೆ, ಖಾಲಿ ಕ್ರೇಟುಗಳು,
ಯಾರದೋ ಆಲೂ ಚಿಪ್ಸಿಗೆ ಕಡಲಹಕ್ಕಿಗಳ ವ್ಯಾಜ್ಯ.
ನನ್ನ ಹೆಜ್ಜೆ ಎರಡೂವರೆ ಅಡಿ, ಇವತ್ತಿಗೂ ತಪ್ಪಿಲ್ಲ.
ಪೂರ್ವ ಎಣಿಸಿದೆ, ದಕ್ಷಿಣ ಎಣಿಸಿದೆ.
ಉತ್ತರಕ್ಕೆ ತಿರುಗಿದಾಗ
ಗೋಮಾಳದ ಅಂಚಿನ ಐದು ಗುಡಿಸಲು ನೆನಪಾದವು,
ಒಲೆ ಉರಿಯುತ್ತಿದ್ದವು,
ಒಬ್ಬಳು ನನಗೆ ಮಜ್ಜಿಗೆ ಕೊಟ್ಟಿದ್ದಳು.
ಕುಡಿದು, ಬಾಯೊರೆಸಿಕೊಂಡು, ಬರೆದಿದ್ದೆ:
ಉತ್ತರಕ್ಕೆ: ಖಾಲಿ.

ಎಣಿಕೆ ತಪ್ಪಿತು.
ಗೋಡೆಯ ಮೂಲೆಗೆ ವಾಪಸು ಬಂದು
ಮತ್ತೆ ಒಂದು, ಎರಡು.